ಕಾಕಿ ಬುಕಿತ್‌ನಲ್ಲಿ ಸೊನ್ನೆ

ಹರಿಣಾಕ್ಷಿಗೆ ಸಿಟ್ಟು ಬರುವುದು ಹೊಸತೇನಲ್ಲ. ಕಟಪಾಡಿಯಲ್ಲಿ ಅವಳು ಪರಕಾರ ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಿಂದಲೂ ಕೋಪ ಅವಳ ಮೂಗಿನ ತುದಿಯಲ್ಲೇ. ಆದರೆ ಆ ಎಂಟು ತಿಂಗಳು ಅವಳಿಗೆ ಬಂದಿದ್ದ ಸಿಟ್ಟು ಬೇರೆಯದೇ. ಗಂಡನ ಮೇಲಲ್ಲ, ಮಗಳ ಮೇಲಲ್ಲ, ಎಂಆರ್‌ಟಿ ರೈಲಿನಲ್ಲಿ ಕಾಲು ತುಳಿದವರ ಮೇಲೂ ಅಲ್ಲ. ಎಪ್ಪತ್ತು ವರ್ಷದ ಹಿಂದೆ, ಅವಳ ಅಮ್ಮನೂ ಹುಟ್ಟುವ ಮೊದಲು, ಯಾವುದೋ ಊರಿನಲ್ಲಿ ಹೆಣಗಳನ್ನು ಎಣಿಸಿದವರ ಮೇಲೆ.

ಅದಕ್ಕೆ ಕಾರಣ ಸಿಂಗಾಪುರದಲ್ಲಿನ ಅವಳ ಕೆಲಸ. ಒನ್-ನಾರ್ತ್‌ನ ಗಾಜಿನ ಕಟ್ಟಡವೊಂದರ ಆರನೇ ಮಹಡಿಯ ಕಂಪನಿಯಲ್ಲಿ ಅವಳು ಸಂಖ್ಯಾಶಾಸ್ತ್ರಜ್ಞೆ. ಪ್ರವಾಹ, ಭೂಕಂಪ, ಸಾಂಕ್ರಾಮಿಕ ರೋಗ ಬಂದರೆ ಎಷ್ಟು ಜನ ಸಾಯಬಹುದು ಎಂದು ಮುಂಚಿತವಾಗಿ ಲೆಕ್ಕ ಹಾಕಿ ಕೊಡುವುದೇ ಆ ಕಂಪನಿಯ ದಂಧೆ. ಆ ಸಲ ಬಂದ ಗಿರಾಕಿ ಒಂದು ವಿದೇಶಿ ಸಂಸ್ಥೆ. ಯಾವ ಊರಿನ ಆಸ್ಪತ್ರೆಗಳು ಎಷ್ಟು ತುರ್ತು ಔಷಧಿ ತುಂಬಿಸಿಡಬೇಕು ಎಂದು ಸಲಹೆ ಕೊಡುವವರು. ಅವರು ಕೇಳಿದ ಪ್ರಶ್ನೆ ಇಷ್ಟೇ: ರಾತ್ರಿ ಎಲ್ಲರೂ ಮಲಗಿರುವಾಗ ಸಿಂಗಾಪುರದ ಮೇಲೆ ಒಂದು ಅಣುಬಾಂಬು ಬಿದ್ದರೆ ಯಾವ ಬೀದಿಯಲ್ಲಿ ಎಷ್ಟು ಜನ ಸಾಯುತ್ತಾರೆ, ಎಷ್ಟು ಜನ ಸುಟ್ಟುಕೊಂಡು ಬದುಕುತ್ತಾರೆ? ಇಂಥದ್ದನ್ನೂ ಕೇಳುವವರು ಇದ್ದಾರಾ ಅನ್ನಬೇಡಿ. ಇದ್ದಾರೆ, ಕೇಳಿ ಬಿಲ್ಲೂ ಕಟ್ಟುತ್ತಾರೆ.

ಬಾಂಬು ಬಿದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಬಿದ್ದ ಊರನ್ನೇ ನೋಡಬೇಕು. ಜಗತ್ತಿನಲ್ಲಿ ಅಂಥ ಊರುಗಳು ಎರಡೇ. ಹರಿಣಾಕ್ಷಿ ಹಿರೋಷಿಮಾವನ್ನು ಹಿಡಿದುಕೊಂಡು ಕೂತಳು. ಮೊದಲ ವಾರವೇ ಅವಳ ಕಣ್ಣಿಗೆ ಬಿದ್ದದ್ದು ಆ ಸಂಖ್ಯೆ. 1945ರ ಕೊನೆಯ ಹೊತ್ತಿಗೆ ಸತ್ತವರು ಒಂದು ಲಕ್ಷ ನಲವತ್ತು ಸಾವಿರ, ಹತ್ತು ಸಾವಿರ ಹೆಚ್ಚು ಕಡಿಮೆ. ಹೆಚ್ಚು ಕಡಿಮೆ! ಹತ್ತು ಸಾವಿರ ಜನ ಸತ್ತರೋ ಇಲ್ಲವೋ ನಮಗೆ ಗೊತ್ತಿಲ್ಲ ಎಂಬುದನ್ನು ಇಷ್ಟು ನಯವಾಗಿ ಹೇಳಬಹುದೇ? ಸಂತೆಯಲ್ಲಿ ಈರುಳ್ಳಿ ತೂಗುವವನಿಗೂ ಇದಕ್ಕಿಂತ ನಾಚಿಕೆ ಇರುತ್ತದೆ.

ಓದುತ್ತ ಹೋದಂತೆ ಯಾಕೆ ಗೊತ್ತಿಲ್ಲ ಎಂಬುದೂ ತಿಳಿಯಿತು. ಊರಿನವರ ಲೆಕ್ಕ ಊರಿನ ಕಾಗದದಲ್ಲಿತ್ತು, ಕಾಗದ ಊರಿನ ಜೊತೆಗೇ ಸುಟ್ಟುಹೋಯಿತು. ಮನೆಮಂದಿಯೆಲ್ಲ ಒಟ್ಟಿಗೆ ಸತ್ತ ಮೇಲೆ ‘ನಮ್ಮವರು ಕಾಣುತ್ತಿಲ್ಲ’ ಎಂದು ಹೇಳಲಾದರೂ ಯಾರು ಉಳಿದರು? ಬೆಳಿಗ್ಗೆ ಹಳ್ಳಿಗಳಿಂದ ಕೆಲಸಕ್ಕೆ ಬಂದವರಿದ್ದರು. ಬೆಂಕಿ ಹರಡದಂತೆ ಮನೆ ಕೆಡವಲು ಹಚ್ಚಿದ್ದ ಶಾಲೆಯ ಮಕ್ಕಳಿದ್ದರು. ದಂಡಿನವರಿದ್ದರು. ಕೊರಿಯಾದಿಂದ ಕೂಲಿಗೆ ಬಂದವರು, ಎಳೆತಂದವರು ಸಾವಿರಗಟ್ಟಲೆ ಇದ್ದರು. ಅವರಲ್ಲಿ ಸತ್ತವರು ಐದು ಸಾವಿರ ಎಂದವರಿದ್ದಾರೆ, ಮೂವತ್ತು ಸಾವಿರ ಎಂದವರೂ ಇದ್ದಾರೆ. ಅವರ ನೆನಪಿಗೆಂದು ಒಂದು ಕಲ್ಲು ನೆಟ್ಟರೆ, ಅದಕ್ಕೂ ಸ್ಮಾರಕದ ಉದ್ಯಾನದೊಳಗೆ ಜಾಗ ಸಿಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಕಲ್ಲು ಹೊರಗೇ ನಿಂತಿತ್ತು.

ಇದನ್ನು ಓದಿದ ದಿನ ಹರಿಣಾಕ್ಷಿಯ ಮೈ ಉರಿದುಹೋಯಿತು. ಬದುಕಿದ್ದಾಗ ದುಡಿಸಿಕೊಂಡರು, ಸತ್ತ ಮೇಲೆ ಎಣಿಸಲಿಲ್ಲ, ಇವರ ಮನೆ ಹಾಳಾಗ. ಅದೇ ಸಿಟ್ಟಿನಲ್ಲಿ ಕೂತು ವರದಿಯ ಮೊದಲ ಅಧ್ಯಾಯಕ್ಕೆ ಒಂದು ಪುಟ ಬರೆದಳು. ಹೊರಗಿನಿಂದ ಬಂದ ಕೂಲಿಯವರನ್ನು ಬಿಟ್ಟು ಹಾಕುವ ಲೆಕ್ಕ ಲೆಕ್ಕವೇ ಅಲ್ಲ, ಅದು ಎರಡನೇ ಸಲ ಕೊಂದಂತೆ ಎಂದು ಬರೆದಳು. ಅವಳ ಮೇಲಧಿಕಾರಿ ದ್ವಾರಕನಾಥ್ ಓದಿ ತಲೆದೂಗಿದ. “ಸೂಪರ್ ಹರಿಣಾಕ್ಷಿ. ಇದನ್ನ ಹಂಗೇ ಇಡೋಣ. ಕ್ಲೈಂಟ್‌ಗೆ ಒಂದು ಎಮೋಷನಲ್ ಟಚ್ ಸಿಗುತ್ತೆ,” ಎಂದ.

ದ್ವಾರಕನಾಥ್ ಮೈಸೂರಿನವನು. ಹದಿನೈದು ವರ್ಷದಿಂದ ಇಲ್ಲೇ ಇದ್ದು ಇಲ್ಲಿಯ ಪೌರನೂ ಆಗಿದ್ದಾನೆ. ದನಿ ಎತ್ತಿ ಮಾತಾಡಿದವನಲ್ಲ. ಯಾರನ್ನಾದರೂ ಕೆಲಸದಿಂದ ತೆಗೆಯುವುದಿದ್ದರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಾನೆ, ಹೋಗುವವರು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ವಿದೇಶಿಯರು ಇಲ್ಲಿದ್ದು ದುಡಿಯಲು ಸರ್ಕಾರ ಕೊಡುವ ಕೆಲಸದ ಪಾಸು, ಹರಿಣಾಕ್ಷಿಯದು ಡಿಸೆಂಬರಿಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಬೇಕಾದವನು ಅವನೇ. ಅವಳ ಗಂಡ ಕೇಶವ ಕಾಕಿ ಬುಕಿತ್‌ನ ಒಂದು ಗೋದಾಮಿನಲ್ಲಿ ಮ್ಯಾನೇಜರ್ ಆಗಿದ್ದರೂ ಅವನು ಇಲ್ಲಿರುವುದು, ದುಡಿಯುವುದು ಎರಡೂ ಹೆಂಡತಿಯ ಪಾಸಿನ ಮೇಲೆ. ಮಗಳು ಅಪೇಕ್ಷಾಳದೂ ಅಷ್ಟೇ. ಮುಂದಿನ ವರ್ಷ ಅವಳಿಗೆ ಓ ಲೆವೆಲ್ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಒಬ್ಬಳ ಪಾಸು ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಈ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಆಡುತ್ತಿರಲಿಲ್ಲ. ಹರಿಣಾಕ್ಷಿ ತಯಾರಿಸಿದ್ದ ನಕ್ಷೆಯಲ್ಲಿ ಯಾವ ಜಾಗದ ಪಿನ್ ಕೋಡ್ ಹಾಕಿದರೂ ಅಲ್ಲಿ ಸಾಯುವವರ ಸಂಖ್ಯೆ ಬರುತ್ತಿತ್ತು. ಸಿಂಗಾಪುರದಲ್ಲಿ ಒಂದೊಂದು ಕಟ್ಟಡಕ್ಕೂ ಒಂದೊಂದು ಪಿನ್ ಕೋಡ್. ಎಂಟು ತಿಂಗಳಲ್ಲಿ ಅವಳು ಬೆಡೋಕ್ ಹಾಕಿ ನೋಡಿದ್ದಳು, ತೊವಾ ಪಾಯೊ ಹಾಕಿ ನೋಡಿದ್ದಳು. ಸಂಖ್ಯೆಗಳೆಲ್ಲ ಸರಿಯಾಗಿಯೇ ಕಂಡಿದ್ದವು. ಆದರೆ ವುಡ್‌ಲ್ಯಾಂಡ್ಸ್‌ನ ತಮ್ಮ ಮನೆಯದನ್ನಾಗಲೀ ಗಂಡನ ಆಫೀಸಿನದನ್ನಾಗಲೀ ಒಂದು ದಿನವೂ ಹಾಕಿರಲಿಲ್ಲ. ಎಂ.ಎಸ್ಸಿ. ಓದಿದವಳು, ನಿಜ. ಆದರೆ ನಮ್ಮವರಲ್ಲಿ ಯಾರು ತಮ್ಮ ಮನೆಯ ಸಾವನ್ನು ತಾವೇ ಲೆಕ್ಕ ಹಾಕಿ ನೋಡುತ್ತಾರೆ ಹೇಳಿ? ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟದ್ದು ಆಡಬೇಡ ಎಂದು ಹೇಳಿಸಿಕೊಂಡೇ ಬೆಳೆದವರು ನಾವು. ಬಾಯಿ ತಪ್ಪಿ ಆಡಿದರೂ “ಬಿಡ್ತು ಅನ್ನು” ಎಂದು ಗದರಿಸುವವರು ಪಕ್ಕದಲ್ಲೇ ಇರುತ್ತಾರೆ. ಆ ಹೆದರಿಕೆಯೇ ಅವಳ ತಪ್ಪನ್ನು ಎಂಟು ತಿಂಗಳು ಮುಚ್ಚಿಟ್ಟಿತು.

ಮಗಳಿಗೆ ಅಂಥ ಹೆದರಿಕೆ ಇರಲಿಲ್ಲ. ಆಗಸ್ಟ್ ಮೊದಲ ಭಾನುವಾರ, ಮುಸ್ಸಂಜೆ ಹೊತ್ತು. ದೇಶಕ್ಕೆ ಐವತ್ತು ತುಂಬುತ್ತಿದ್ದ ವರ್ಷ, ಬ್ಲಾಕಿನ ಕಾರಿಡಾರುಗಳ ತುಂಬ ಬಾವುಟ ನೇತಾಡುತ್ತಿದ್ದವು. ಹರಿಣಾಕ್ಷಿ ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಅಪೇಕ್ಷಾ ಊಟದ ಮೇಜಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪಿನ ಮುಂದೆ ಕೂತುಬಿಟ್ಟಿದ್ದಳು.

“ಪಪ್ಪಾ, ನಿಮ್ಮ ಆಫೀಸ್ ಸೂಪರ್ ಸೇಫ್ ಲಾ! ಬಾಂಬ್ ಬಿದ್ರೂ ಕಾಕಿ ಬುಕಿತ್‌ನಲ್ಲಿ ಝೀರೋ. ಯಾರೂ ಸಾಯಲ್ಲ!”

“ಏ, ಬಿಡ್ತು ಅನ್ನು!” ಹರಿಣಾಕ್ಷಿ ಓಡಿ ಬಂದಳು. “ಮುಸ್ಸಂಜೆಯಲ್ಲಿ ಎಂತ ಮಾತಾಡ್ತೀ? ಮುಚ್ಚು ಅದನ್ನ.”

“ಝೀರೋ ಅಂದೆ ಅಲ್ವಾ ಅಮ್ಮಾ, ಗುಡ್ ನ್ಯೂಸ್ ತಾನೇ?”

“ಅದು ರಾತ್ರಿಯ ಲೆಕ್ಕ. ರಾತ್ರಿ ಆಫೀಸಿನಲ್ಲಿ ಯಾರು ಇರ್ತಾರೆ? ಅದಕ್ಕೆ ಸೊನ್ನೆ,” ಎಂದಳು ಹರಿಣಾಕ್ಷಿ. ತನ್ನ ನಕ್ಷೆ ಸರಿಯಾಗಿಯೇ ಹೇಳಿದೆ ಎಂದು ಅವಳಿಗೆ ಸಣ್ಣ ಹೆಮ್ಮೆಯೂ ಆಯಿತು.

ಸೋಫಾದಲ್ಲಿ ಕಾಲು ಚಾಚಿದ್ದ ಕೇಶವ ಫೋನಿನಿಂದ ತಲೆ ಎತ್ತದೆ ನಕ್ಕ. “ಆಫೀಸಿನಲ್ಲಿ ಯಾರೂ ಇರುವುದಿಲ್ಲ, ಸರಿ. ಗೋದಾಮಿನ ಪಕ್ಕವೇ ಕೂಲಿಯವರ ಡಾರ್ಮಿಟರಿ ಉಂಟಲ್ಲ ಮಾರಾಯ್ತಿ? ಐದಾರು ಸಾವಿರ ಜನ ಮಲಗ್ತಾರೆ. ಬಾಂಗ್ಲಾದವರು, ತಮಿಳರು, ಚೀನಾದವರು. ಬೆಳಿಗ್ಗೆ ನಾನು ಹೋಗುವಾಗ ಲಾರಿಗೆ ಕಾದು ನಿಂತಿರ್ತಾರೆ, ಫುಟ್‌ಪಾತಿನಲ್ಲಿ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ. ನಿನ್ನ ಬಾಂಬಿಗೆ ಅವರು ಕಾಣುವುದಿಲ್ವಾ?”

ಹರಿಣಾಕ್ಷಿ ಮಗಳನ್ನು ಎಬ್ಬಿಸಿ ತಾನು ಕೂತಳು. ಡಾರ್ಮಿಟರಿ ಇರುವ ಬೇರೆ ಬೇರೆ ಜಾಗಗಳನ್ನು ಹಾಕಿದಳು. ಸೊನ್ನೆ. ಸೊನ್ನೆ. ಎರಡು. ಮತ್ತೆ ಸೊನ್ನೆ. ಕೊನೆಗೆ, ದೇವರ ದೀಪ ಇನ್ನೂ ಉರಿಯುತ್ತಿರುವಾಗಲೇ, ತಮ್ಮದೇ ಬ್ಲಾಕಿನ ಪಿನ್ ಕೋಡ್ ಹಾಕಿದಳು. ಸಂಖ್ಯೆ ಬಂತು. ಅದರ ಹಿಂದಿನ ಎಣಿಕೆಯನ್ನು ಬಿಚ್ಚಿ ನೋಡಿದಳು. ಇಡೀ ಬ್ಲಾಕಿನಲ್ಲಿ ಸತ್ತವರಲ್ಲೂ ಬದುಕಿದವರಲ್ಲೂ ಅವರು ಮೂವರೂ ಇರಲಿಲ್ಲ. ಬಾಡಿಗೆಗಿದ್ದ ವಿದೇಶಿಗಳು ಯಾರೂ ಇರಲಿಲ್ಲ.

ತಪ್ಪು ಎಲ್ಲಾಗಿದೆ ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಯಾವ ಬಡಾವಣೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಸಿಗುವುದು ‘ನಿವಾಸಿ’ಗಳ ಪಟ್ಟಿ. ನಿವಾಸಿಗಳೆಂದರೆ ಇಲ್ಲಿಯ ಪೌರರು, ಜೊತೆಗೆ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕವರು. ಪಟ್ಟಿಯ ನೆತ್ತಿಯ ಮೇಲೆಯೇ ಅದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ. ಅದನ್ನು ತಂದು ‘ಜನ’ ಎಂಬ ಕಾಲಮ್ಮಿನಲ್ಲಿ ಸುರಿದವಳು ಹರಿಣಾಕ್ಷಿಯೇ. ಪಾಸಿನ ಮೇಲೆ ಬಂದವರು ಹದಿನಾರು ಲಕ್ಷ. ಈ ಊರಿನಲ್ಲಿ ರಾತ್ರಿ ಮಲಗುವ ಹತ್ತು ಜನರಲ್ಲಿ ಮೂವರನ್ನು ಅವಳು ಒಂದೇ ಏಟಿಗೆ ಇಲ್ಲವಾಗಿಸಿದ್ದಳು, ಆ ಮೂವರಲ್ಲಿ ತಾನೂ ಒಬ್ಬಳೆಂಬುದು ಹೊಳೆಯದೆಯೇ.

“ಥೂ!” ಎಂದಳು. ಎರಡು ಕೈಯಿಂದಲೂ ತಲೆ ಚಚ್ಚಿಕೊಂಡಳು. ಮೂರನೇ ಪುಟದಲ್ಲಿ ಕೊರಿಯಾದ ಕೂಲಿಗಳಿಗಾಗಿ ಕಣ್ಣೀರು, ನಲವತ್ತನೇ ಪುಟದಲ್ಲಿ ಕಾಕಿ ಬುಕಿತ್ ಸೊನ್ನೆ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಎಂಟು ತಿಂಗಳು ಯಾರ ಮೇಲೆ ಹಲ್ಲು ಕಡಿದಿದ್ದಳೋ, ಅವರ ಸಾಲಿನಲ್ಲೇ ತಾನೂ ಕಾಲು ಮಡಚಿ ಕೂತಿದ್ದಳು. ಅವರಿಗಾದರೂ ಕಾಗದ ಸುಟ್ಟುಹೋಗಿತ್ತು ಎಂಬ ನೆಪವಿತ್ತು. ಇವಳಿಗೆ ಏನಿತ್ತು?

ಸೋಮವಾರ, ಮಂಗಳವಾರ ಎರಡು ದಿನವೂ ಅವಳು ಸರಿಯಾಗಿ ಊಟ ಮಾಡಲಿಲ್ಲ. ಯಾವ ಡಾರ್ಮಿಟರಿಯಲ್ಲಿ ಎಷ್ಟು ಹಾಸಿಗೆ, ಕಾಂಡೋ ಎನ್ನುವ ಯಾವ ಖಾಸಗಿ ವಸತಿ ಕಟ್ಟಡದಲ್ಲಿ ಎಷ್ಟು ಮನೆ ಬಾಡಿಗೆಗೆ, ಎಷ್ಟು ಮನೆಗಳಲ್ಲಿ ಕೆಲಸದ ಹೆಂಗಸರು ಉಳಿದುಕೊಳ್ಳುತ್ತಾರೆ ಎಂದು ಸಿಕ್ಕ ಸಿಕ್ಕ ಕಡೆಯಿಂದ ಹೆಕ್ಕಿ ಹೊಸ ಅಂದಾಜು ಕಟ್ಟಿದಳು. ಹಳೆಯ ಸಾವಿನ ಸಂಖ್ಯೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಬುಧವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ದ್ವಾರಕನಾಥನ ಕೋಣೆಗೆ ಹೋದಳು. ಮರುದಿನ, ಆಗಸ್ಟ್ ಆರಕ್ಕೆ, ಗಿರಾಕಿಗೆ ವರದಿ ಒಪ್ಪಿಸುವುದಿತ್ತು. ಹಿರೋಷಿಮಾಕ್ಕೆ ಎಪ್ಪತ್ತು ವರ್ಷ ತುಂಬುವ ದಿನವೇ ವರದಿ ಹೊರಬಂದರೆ ಪತ್ರಿಕೆಯವರು ಗಮನಿಸುತ್ತಾರೆ ಎಂಬುದು ಮಾರ್ಕೆಟಿಂಗಿನವರ ಬುದ್ಧಿವಂತಿಕೆ. ಆ ದಿನ ಸತ್ತವರಿಂದ ಇನ್ನೂ ಇಷ್ಟು ಕೆಲಸ ತೆಗೆಯುವುದು ಬಾಕಿಯಿತ್ತು ಪಾಪ.

ದ್ವಾರಕನಾಥ್ ಎಲ್ಲವನ್ನೂ ಕೇಳಿಸಿಕೊಂಡ. ಕನ್ನಡಕ ತೆಗೆದು ಒರೆಸಿದ.

“ಗುಡ್ ಕ್ಯಾಚ್, ಹರಿಣಾಕ್ಷಿ. ಆದ್ರೆ ನೋಡಿ, ಇದು ಔಟ್ ಆಫ್ ಸ್ಕೋಪ್. ಕ್ಲೈಂಟ್ ಕೇಳಿದ್ದು ಪಾಪ್ಯುಲೇಷನ್. ನಾವು ಪಬ್ಲಿಷ್ ಆಗಿರೋ ಪಾಪ್ಯುಲೇಷನ್ ಟೇಬಲ್ ಯೂಸ್ ಮಾಡಿದೀವಿ. ಯಾರೂ ತಪ್ಪು ಅನ್ನಲ್ಲ.”

“ಸರ್, ನಾನೇ ಅಂತಿದೀನಲ್ಲ ತಪ್ಪು ಅಂತ. ತಪ್ಪು ಮಾಡಿದ್ದು ನಾನು.”

“ಅಯ್ಯೋ, ಅಷ್ಟೆಲ್ಲ ಪರ್ಸನಲ್ ಆಗಿ ತಗೋಬೇಡಿ. ಒಂದು ಫುಟ್‌ನೋಟ್ ಹಾಕೋಣ. ‘ಅನಿವಾಸಿಗಳನ್ನು ಸೇರಿಸಿಲ್ಲ’ ಅಂತ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ.”

“ಫುಟ್‌ನೋಟಾ?” ಅವಳ ದನಿ ಗಾಜಿನಾಚೆ ಕೂತವರಿಗೂ ಕೇಳಿಸಿತು. “ಸರ್, ಆ ಕೊರಿಯಾದವರ ಕಲ್ಲನ್ನ ಪಾರ್ಕಿನ ಹೊರಗೆ ನಿಲ್ಲಿಸಿದ್ದು ಇನ್ನೇನು, ಫುಟ್‌ನೋಟೇ ಅಲ್ವಾ? ಈ ನಂಬರ್ ನೋಡಿ ತಾನೇ ಅವರು ಬರ್ನ್ ಕಿಟ್ ತರಿಸೋದು? ಫುಟ್‌ನೋಟ್ ಓದಿ ಯಾರಾದ್ರೂ ಮುಲಾಮು ತರಿಸ್ತಾರಾ? ಐದಾರು ಸಾವಿರ ಜನ ಮೈ ಸುಟ್ಕೊಂಡು ಬಂದ್ರೆ ‘ನೀವು ಫುಟ್‌ನೋಟಲ್ಲಿದೀರಿ, ಆ ಕಡೆ ನಿಂತ್ಕೊಳ್ಳಿ’ ಅಂತೀವಾ?”

“ಮೆತ್ತಗೆ, ಮೆತ್ತಗೆ. ನನಗೆ ಅರ್ಥ ಆಗುತ್ತೆ,” ಎಂದ ದ್ವಾರಕನಾಥ್. ನಗು ಹಾಗೇ ಇತ್ತು. “ನಾಳೆ ಸಿಸ್ಟಮ್‌ನಲ್ಲಿ ನೀವು ಅಪ್ರೂವ್ ಒತ್ತಬೇಕು. ಅದು ಇಲ್ಲದೆ ರಿಪೋರ್ಟ್ ಹೊರಗೆ ಹೋಗಲ್ಲ, ನಿಮಗೇ ಗೊತ್ತು. ನಿಮ್ಮ ರಿನ್ಯೂವಲ್ ಪೇಪರ್ ನನ್ನ ಟೇಬಲ್ ಮೇಲೇ ಇದೆ. ಪಿಆರ್‌ಗೂ ಒಂದು ಒಳ್ಳೆ ಲೆಟರ್ ಕೊಡೋಣ ಅಂತಿದೀನಿ. ಪಿಆರ್ ಆಯ್ತು ಅಂದ್ರೆ ನೀವೂ ರೆಸಿಡೆಂಟ್. ಆಮೇಲೆ ಈ ಟೇಬಲ್‌ನಲ್ಲಿ ನೀವೂ ಇರ್ತೀರಿ, ಅಲ್ವಾ?”

ಕಪಾಳಕ್ಕೆ ಹೊಡೆದಿದ್ದರೂ ಅವಳಿಗೆ ಇಷ್ಟು ಅವಮಾನ ಆಗುತ್ತಿರಲಿಲ್ಲ. ಸಾಯುವವರ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದನ್ನು ಇವನು ಬಡ್ತಿ ಕೊಟ್ಟ ಹಾಗೆ ಹೇಳುತ್ತಿದ್ದಾನೆ! ಹಾಗೆಂದು ಅವಳು ಎದ್ದು ಹೋಗಿ ಬಾಗಿಲು ಬಡಿಯಲಿಲ್ಲ. “ಯೋಚನೆ ಮಾಡ್ತೀನಿ ಸರ್,” ಎಂದು ಹೊರಬಂದಳು. ಡಿಸೆಂಬರ್ ಎಂಬುದು ಅಂಥ ತಿಂಗಳು.

ಆ ಸಂಜೆ ಕೇಶವ ಎಲ್ಲವನ್ನೂ ಕೇಳಿ, “ಅಪ್ರೂವ್ ಒತ್ತು ಮಾರಾಯ್ತಿ,” ಎಂದ. ಅವರ ಮನೆಯಲ್ಲಿ ಮಾತಿಗೆ ತುಳು, ಮಗಳಿಗೆ ಇಂಗ್ಲಿಷು, ಜಗಳಕ್ಕೆ ಕನ್ನಡ. ಅಂದು ಶುರುವಾದದ್ದೇ ಕನ್ನಡದಲ್ಲಿ.

“ಅವತ್ತು ನಕ್ಕು ತೋರಿಸಿದ್ದು ನೀವೇ ಅಲ್ವಾ? ಡಾರ್ಮಿಟರಿ ಉಂಟು, ಕಾಣುವುದಿಲ್ವಾ ಅಂತ?”

“ತಮಾಷೆಗೆ ಹೇಳಿದ್ದು ನಾನು. ಬಾಂಬು ಬೀಳುವುದೂ ಇಲ್ಲ, ಈ ಲೆಕ್ಕ ಯಾರಿಗೂ ಬೇಕಾಗುವುದೂ ಇಲ್ಲ. ಬೀಳದ ಬಾಂಬಿಗೆ ನಮ್ಮ ಸಂಸಾರ ಸುಡಬೇಕಾ? ನಿನ್ನ ಅಪ್ಪನ ಗಂಟು ಎಂತ ಹೋಗ್ತದೆ?”

“ಅಲ್ಲಿ ಕೂಡ ಬೀಳುವ ಹಿಂದಿನ ದಿನ ಎಲ್ಲರೂ ಹೀಗೇ ಇದ್ದದ್ದು ಮಾರಾಯ್ರೇ! ಬಿದ್ದ ಮೇಲೆ ಎಣಿಸಲಿಕ್ಕೆ ಕೂತವರಿಗೆ ಬೇಕಾದವರು ಮಾತ್ರ ಕಂಡದ್ದು. ಬೀಳದಿರುವಾಗಲೇ ನಮಗೆ ಅವರು ಕಾಣುವುದಿಲ್ಲ, ಇನ್ನು ಬಿದ್ದ ಮೇಲೆ ಕಾಣ್ತಾರಾ? ಅವರ ಕೂದಲು ಉದುರುವಾಗ, ರಕ್ತ ಕಾರುವಾಗ ಯಾರು ಹೋಗಿ ನೋಡ್ತಾರೆ? ನೀವು ಹೋಗ್ತೀರಾ?”

“ನಾನು ಎಂತಕ್ಕೆ ಹೋಗ್ಲಿ? ನಾನೂ ಅದರಲ್ಲೇ ಸತ್ತಿರ್ತೇನಲ್ಲ!”

“ಇಲ್ಲ!” ಎಂದು ಕಿರುಚಿದಳು ಹರಿಣಾಕ್ಷಿ. “ನೀವು ಸತ್ತಿರುವುದಿಲ್ಲ. ಅದನ್ನೇ ಹೇಳುವುದು ನಾನು. ನೀವು ಸತ್ತದ್ದು ಯಾರಿಗೂ ಗೊತ್ತಾಗುವುದೇ ಇಲ್ಲ.”

ಯಾರೂ ಬಿಡ್ತು ಅನ್ನಲಿಲ್ಲ. ಅಪೇಕ್ಷಾ ತನ್ನ ಕೋಣೆಯ ಬಾಗಿಲಲ್ಲಿ ಗಣಿತದ ಪುಸ್ತಕ ಹಿಡಿದು ನಿಂತಿದ್ದಳು. ಪಿಆರ್ ಆಗದಿದ್ದರೆ ಸ್ಕೂಲು ಬಿಡಬೇಕಾ ಎಂದು ಕೇಳಲು ಬಂದವಳು ಕೇಳದೆ ಒಳಗೆ ಹೋದಳು. “ನೀನು ಎಂತ ಮಾಡ್ತೀಯೋ ಮಾಡು,” ಎಂದ ಕೇಶವ ಕೊನೆಗೆ, ಮೆತ್ತಗೆ. “ಆದ್ರೆ ಒತ್ತುವ ಮೊದಲು ಮಗಳ ಮುಖವನ್ನೊಮ್ಮೆ ನೆನೆಸಿಕೋ.”

ಗುರುವಾರ ಬೆಳಿಗ್ಗೆ ಎಂಆರ್‌ಟಿಯಲ್ಲಿ ಅವಳು ನೆನೆಸಿಕೊಂಡದ್ದು ಅದೊಂದನ್ನೇ. ವುಡ್‌ಲ್ಯಾಂಡ್ಸ್‌ನಿಂದ ಒನ್-ನಾರ್ತ್ ತಲುಪುವಷ್ಟರಲ್ಲಿ ಅಪ್ರೂವ್ ಒತ್ತುವುದೆಂದು ನಿರ್ಧಾರವೂ ಆಯಿತು. ಗಿರಾಕಿಗೆ ಒಂದು ಮಾತು ಹೇಳಿ ನೋಡುವುದು, ಒಪ್ಪಿದರೆ ಸರಿ, ಒಪ್ಪದಿದ್ದರೆ ಒತ್ತಿಬಿಡುವುದು. ಮಗಳ ಓದು ಮುಗಿಯಲಿ. ಪ್ರಪಂಚದ ಅನ್ಯಾಯವನ್ನೆಲ್ಲ ಹೊರಲು ತಾನೇನು ಆದಿಶೇಷನೇ?

ಗಿರಾಕಿಯ ಕಡೆಯಿಂದ ಬಂದವಳು ಫಿಯೋನಾ ಎಂಬ ಸ್ಕಾಟ್ಲೆಂಡಿನ ಹೆಂಗಸು. ಐದು ವರ್ಷದಿಂದ ಇಲ್ಲೇ ಕೆಲಸದಲ್ಲಿದ್ದಳು. ಒಳ್ಳೆಯವಳೇ. ಹೋದ ಸಲ ಬಂದಾಗ ಹಿರೋಷಿಮಾದ ಆ ಮೂರನೇ ಪುಟ ಓದಿ ಕಣ್ಣು ಒರೆಸಿಕೊಂಡಿದ್ದಳು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ದ್ವಾರಕನಾಥ್ ಪರದೆಯ ಮೇಲೆ ಒಂದಾದ ಮೇಲೊಂದು ಬಣ್ಣದ ವೃತ್ತ ತೋರಿಸಿದ. ಇಲ್ಲಿ ಎಲ್ಲರೂ ಸಾಯುತ್ತಾರೆ, ಇಲ್ಲಿ ಅರ್ಧ, ಇಲ್ಲಿ ಸುಟ್ಟಗಾಯ. ನಂತರ, ತಂಡದವರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದ, ಕೇಳಬೇಕಲ್ಲ ಎಂದು. ಹರಿಣಾಕ್ಷಿ ಎದ್ದು ನಿಂತಳು.

“ಫಿಯೋನಾ, ನಿಮ್ಮ ಮನೆಯ ಪಿನ್ ಕೋಡ್ ಹೇಳುತ್ತೀರಾ?”

ಫಿಯೋನಾ ನಕ್ಕು ಹೇಳಿದಳು. ಹತ್ತಿರದ್ದೇ ಒಂದು ದೊಡ್ಡ ಕಾಂಡೋ. ಹರಿಣಾಕ್ಷಿ ಅದನ್ನು ನಕ್ಷೆಯಲ್ಲಿ ಹಾಕಿದಳು. ಬಾಂಬು ಬೀಳುವ ಜಾಗಕ್ಕೆ ಅದು ಸಮೀಪವೇ, ಕೆಂಪು ವೃತ್ತದೊಳಗೆ. ಆದರೂ ಇನ್ನೂರು ಚಿಲ್ಲರೆ ಮನೆಗಳ ಆ ಕಟ್ಟಡದಲ್ಲಿ ಸತ್ತವರು ಅರವತ್ತೊಂದೇ ಜನ.

“ಓಹ್, ಕಟ್ಟಡ ಗಟ್ಟಿಯಾಗಿರಬೇಕು,” ಎಂದಳು ಫಿಯೋನಾ. ಅವಳ ಮುಖದಲ್ಲಿ ಸಮಾಧಾನ ಕಾಣಿಸಿತು.

“ಕಟ್ಟಡ ಗಟ್ಟಿಯಾಗಿಲ್ಲ. ಅಲ್ಲಿ ಇರುವವರಲ್ಲಿ ಮುಕ್ಕಾಲು ಪಾಲು ನಿಮ್ಮಂಥ ವಿದೇಶಿಗಳು. ನಾನು ಮಾಡಿದ ತಪ್ಪಿನಿಂದ ನಿಮ್ಮನ್ನು ಯಾರನ್ನೂ ಎಣಿಸಿಲ್ಲ. ನೀವು ಬದುಕಿ ಉಳಿದಿಲ್ಲ ಫಿಯೋನಾ. ನೀವು ಇರಲೇ ಇಲ್ಲ.”

ಫಿಯೋನಾಳ ಬಣ್ಣ ಇಳಿಯಿತು. ಆ ಮನೆಯಲ್ಲಿ ಅವಳ ಇಬ್ಬರು ಮಕ್ಕಳು ಮಲಗುತ್ತಾರೆ. “ಇದು ಅಸಂಬದ್ಧ! ಇದನ್ನು ಈಗಲೇ ಸರಿಪಡಿಸಬೇಕು,” ಎಂದಳು, ಮೇಜಿನ ಮೇಲೆ ಕೈಯಿಟ್ಟು. ಹರಿಣಾಕ್ಷಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗೆದ್ದೆ ಎಂದುಕೊಂಡಳು. ಅಪೇಕ್ಷಾಳ ಮುಖವೂ ನೆನಪಾಯಿತು. ಎರಡೂ ಉಳಿಯುತ್ತವೆ, ಲೆಕ್ಕವೂ ಮಗಳ ಓದೂ. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ದ್ವಾರಕನಾಥ್ ಒಂದು ಕ್ಷಣವೂ ತಡಮಾಡಲಿಲ್ಲ. “ಖಂಡಿತ. ನಾವೇ ಇದನ್ನು ಪತ್ತೆ ಮಾಡಿದೆವು, ಹರಿಣಾಕ್ಷಿ ತಿದ್ದುಪಡಿಯನ್ನೂ ಸಿದ್ಧ ಮಾಡಿದ್ದಾರೆ,” ಎಂದ. ಹೊಸ ಅಂದಾಜನ್ನು ಪರದೆಯ ಮೇಲೆ ತಂದ. ಫಿಯೋನಾ ಸಾಲುಸಾಲಾಗಿ ನೋಡಿದಳು. ಕಾಂಡೋಗಳು, ಸರಿ. ಬಾಡಿಗೆಗಿರುವ ವೃತ್ತಿಪರರ ಕುಟುಂಬಗಳು, ಸರಿ. ಡಾರ್ಮಿಟರಿಗಳ ಸಾಲು ಬಂದಾಗ ನಿಂತಳು.

“ಇದು ಬಹಳ ದೊಡ್ಡ ಸಂಖ್ಯೆ,” ಎಂದಳು. “ಇಷ್ಟು ಸೇರಿಸಿದರೆ ಔಷಧಿಯ ದಾಸ್ತಾನು ಎಲ್ಲಿಗೋ ಹೋಗುತ್ತದೆ, ಆಸ್ಪತ್ರೆಗಳು ಒಪ್ಪುವುದಿಲ್ಲ. ಹೇಗೂ ಅವರ ಜವಾಬ್ದಾರಿ ಅವರ ಮಾಲೀಕರದ್ದು ಅಲ್ಲವೇ? ಅವರು ಇಲ್ಲಿ ಶಾಶ್ವತವಾಗಿ ಇರುವವರೂ ಅಲ್ಲ.”

“ನೀವೂ ಅಲ್ಲ,” ಎಂದಳು ಹರಿಣಾಕ್ಷಿ. “ನಾನೂ ಅಲ್ಲ.”

“ನನಗೆ ನಿಮ್ಮ ಕಾಳಜಿ ಅರ್ಥವಾಗುತ್ತದೆ,” ಎಂದಳು ಫಿಯೋನಾ, ಹಿರೋಷಿಮಾದ ಪುಟ ಓದಿ ಕಣ್ಣು ಒರೆಸಿಕೊಂಡಿದ್ದ ಅದೇ ದನಿಯಲ್ಲಿ. “ಅವರನ್ನು ಎರಡನೇ ಹಂತದಲ್ಲಿ ನೋಡೋಣ.”

“ಪರ್ಫೆಕ್ಟ್,” ಎಂದ ದ್ವಾರಕನಾಥ್. ಎರಡು ಸಲ ಬೆರಳಾಡಿಸಿ ಡಾರ್ಮಿಟರಿಗಳ ಸಾಲನ್ನು ತೆಗೆದ. ಸಂಖ್ಯೆ ಕೆಳಗಿಳಿಯಿತು. ಫಿಯೋನಾಳ ಕಾಂಡೋ ತುಂಬಿಕೊಂಡಿತು. ವುಡ್‌ಲ್ಯಾಂಡ್ಸ್‌ನ ಬ್ಲಾಕಿನಲ್ಲಿ ಬಾಡಿಗೆಯವರು ಹೆಚ್ಚಾದರು, ಅವರಲ್ಲಿ ಹರಿಣಾಕ್ಷಿಯ ಮನೆಯ ಮೂವರೂ ಇದ್ದರು. ಕಾಕಿ ಬುಕಿತ್ ಮತ್ತೆ ಸೊನ್ನೆಯಾಯಿತು. ಮಾತು ಎಲ್ಲರೆದುರೇ ಆದರೂ ಅವಳಿಗೊಬ್ಬಳಿಗೇ ಅರ್ಥವಾಗಲೆಂದು ಅವನು ಕನ್ನಡಕ್ಕೆ ಹೊರಳಿದ. “ನೋಡಿ, ನಿಮ್ಮ ಫ್ಯಾಮಿಲೀನೂ ಸೇರಿಸಿ ಆಯ್ತು. ಈಗ ಖುಷಿನಾ? ಒತ್ತಿಬಿಡಿ.”

ಲ್ಯಾಪ್‌ಟಾಪನ್ನು ಅವಳ ಮುಂದೆ ಸರಿಸಿದ. ಹಸಿರು ಬಣ್ಣದ ಅಪ್ರೂವ್, ಪಕ್ಕದಲ್ಲಿ ಕೆಂಪು ರಿಜೆಕ್ಟ್. ರಿಜೆಕ್ಟ್ ಒತ್ತಬೇಕಾದರೆ ಮೊದಲು ಕಾರಣ ಬರೆಯಬೇಕು. ಹಾಗೆ ಬರೆದದ್ದು ವರದಿಗೆ ಅಂಟಿಕೊಂಡೇ ಇರುತ್ತದೆ, ಮುಖ್ಯ ಕಚೇರಿಗೂ ಹೋಗುತ್ತದೆ. ಅಳಿಸಲು ದ್ವಾರಕನಾಥನಿಂದಲೂ ಆಗದು.

ಹರಿಣಾಕ್ಷಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಬೆಳಿಗ್ಗೆ ಎಂಆರ್‌ಟಿಯಲ್ಲಿ ಇವಳೂ ಇದೇ ಲೆಕ್ಕವನ್ನೇ ಹಾಕಿದ್ದಳಲ್ಲ: ನಮ್ಮ ಮೂವರದು ನಡೆದುಹೋಗಲಿ, ಉಳಿದವರದು ಆಮೇಲೆ. ಫಿಯೋನಾಗೆ ಅವಳ ಮಕ್ಕಳು ಕಂಡರು, ಇವಳಿಗೆ ಇವಳ ಮಗಳು. ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಮಕ್ಕಳ ಮುಖ ನೆನೆಸಿಕೊಂಡೇ ಉಳಿದವರನ್ನು ಹೊರಗೆ ನಿಲ್ಲಿಸುತ್ತ ಬಂದದ್ದು. ಕೆಟ್ಟವರೇ ಬೇಕಾಗಿಲ್ಲ ಇದಕ್ಕೆ. ಪಾಸು ಮುಗಿಯುವ ಹೆದರಿಕೆ ಇರುವ ಒಳ್ಳೆಯವರು ಸಾಕು. ಅದು ಹೊಳೆದ ಮೇಲೆ ಸಿಟ್ಟು ಬಂತು ನೋಡಿ, ಕಿವಿಯ ತುದಿಯವರೆಗೂ ಬಂತು.

ಅವಳು ಕೂತು ಬರೆಯತೊಡಗಿದಳು. ಈ ವರದಿ ಸುಳ್ಳು. ಕಾಕಿ ಬುಕಿತ್‌ನಲ್ಲಿ ರಾತ್ರಿ ಜನ ಮಲಗುತ್ತಾರೆ. ಮೊದಲ ಸಲ ಅವರನ್ನು ಬಿಟ್ಟದ್ದು ನನ್ನ ತಪ್ಪು. ಎರಡನೇ ಸಲ, ಗೊತ್ತಿದ್ದೂ, ಔಷಧಿ ಉಳಿಸಲು ಬಿಟ್ಟಿದ್ದಾರೆ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.

ಹಿಂದೆ ನಿಂತು ಓದುತ್ತಿದ್ದ ದ್ವಾರಕನಾಥನ ನಗು ಆಗ ಮೊದಲ ಸಲ ಮಾಯವಾಯಿತು. “ಹರಿಣಾಕ್ಷಿ, ಹುಚ್ಚು ಹಿಡಿದಿದೆಯಾ ನಿಮಗೆ? ಡಿಸೆಂಬರ್ ನೆನಪಿದೆ ತಾನೇ? ಮಗಳ ಎಕ್ಸಾಮು?”

“ನೆನಪಿದೆ ಸರ್.”

“ಮನೆಗೆ ಹೋಗಿ ಅವಳಿಗೆ ಏನಂತ ಹೇಳ್ತೀರಾ?”

“ಇದನ್ನೇ ಹೇಳ್ತೀನಿ,” ಎಂದಳು ಹರಿಣಾಕ್ಷಿ. “ಈಗ ತಾನೇ ವುಡ್‌ಲ್ಯಾಂಡ್ಸ್‌ನಲ್ಲಿ ಮೂರು ಜನರನ್ನ ಸೇರಿಸಿದ್ರಲ್ಲ ಸರ್? ತೆಗೆದುಬಿಡಿ ಅವರನ್ನ.”

ಎಂದವಳೇ ಕೆಂಪನ್ನು ಒತ್ತಿದಳು.